ನೂರಿಪ್ಪತ್ತು ಗಂಟೆ

ಫಾರ್ಮಿನ ಮೂರನೆಯ ಸಾಲಿಗೇ ಪೆನ್ನು ನಿಂತಿತು:
‘ಕಲಿಕೆಯ ಸ್ಥಳ.’
ಅವ್ವ ರೊಟ್ಟಿ ಬಡಿಯುತ್ತಿದ್ದಳು. ಝುವಾರಿನಗರದ ನಮ್ಮ ಓಣಿಯಲ್ಲಿ
ಆ ಹೊತ್ತಿಗೆ ಎಲ್ಲ ಬಾಗಿಲಿಂದಲೂ ಅದೇ ಸಪ್ಪಳ,
ಯಾವುದು ಯಾರ ಮನೆಯದೆಂದು ಬೇರೆ ಮಾಡಲಾಗದು.

ಕ್ಲಾಸಿನಲ್ಲಿ ಉಳಿದವರದು ಮುಗಿದಿತ್ತು.
ಮೆಲ್ರಾಯನಿಗೆ ಬಂದರಿನ ಕಚೇರಿ, ಮಾವನ ಚೀಟಿ.
ಸಿದ್ಧಿಗೆ ಬ್ಯಾಂಕು. ಇನ್ನಿಬ್ಬರಿಗೆ ಯಾವುದೋ ಬೀಚ್ ಹೋಟೆಲಿನ ಕೌಂಟರು,
ಎ.ಸಿ. ಇದೆಯಂತೆ, ಊಟವೂ.
ನಾಲ್ಕು ಕ್ರೆಡಿಟ್ಟು, ನೂರಿಪ್ಪತ್ತು ಗಂಟೆ,
ದಿನಚರಿ, ಸಹಿ, ಮೊಹರು;
ಕಟ್ಟಕಡೆಗೆ ಒಂದು ಚೌಕ:
‘ಇದು ಯಾವ ವೃತ್ತಿಗೆ ದಾರಿ?’

ನಾನು ಬರೆದೆ: ಕುಠ್ಠಾಳಿ. ಖಾಜಣ ಗದ್ದೆಯ ತೂಬು.

ಅಪ್ಪ ಹೆಗಲು ತಿಕ್ಕುತ್ತ ನಕ್ಕ:
‘ಕೆಸರು ತುಳಿಯಾಕ ಕಾಲೇಜಿಗೆ ಫೀ ಕಟ್ಟಬೇಕೇನವಾ?
ನನ್ನ ಕೇಳಿದ್ರ ಪುಕ್ಕಟೆ ಕಲಸ್ತಿದ್ನಿ.’
ಇದು ನಿನ್ನದೇ ಪ್ರಶ್ನೆ ಎಂದು ಅವನಿಗೆ ಹೇಳಲಿಲ್ಲ.
ಹೋದ ವರ್ಷ ಅದೇ ಬಯಲ ಅಂಚಿಗೆ
ಕೆಂಪು ಮಣ್ಣು ಸುರಿದು ಎತ್ತರಿಸಿದ ಗದ್ದೆಯಲ್ಲಿ
ಕಾಲಮ್ಮಿಗೆಂದು ಗುಂಡಿ ತೋಡಿ ಬಂದಿದ್ದ,
ಬೆಳಗಾಗುವುದರೊಳಗೆ ಗುಂಡಿ ತುಂಬ ನೀರು.
ಬೆರಳದ್ದಿ ನೆಕ್ಕಿದನಂತೆ. ಉಪ್ಪು.
‘ಮಳಿ ಇಲ್ಲ, ಪೈಪ್ ಇಲ್ಲ, ಎಲ್ಲಿಂದ ಬಂತ?’
ಇಂಜಿನಿಯರು ಪಂಪು ತರಿಸಿದ. ಉತ್ತರ ತರಿಸಲಿಲ್ಲ.

ಮಿನೇಜಸ್ ಮೇಡಂ ಕನ್ನಡಕದ ಮೇಲಿಂದ ನೋಡಿದರು:
‘ಸರಿ. ವೇಳಾಪಟ್ಟಿ?’
ಸೋಮವಾರದಿಂದ ಶುಕ್ರವಾರ, ಮೂರರಿಂದ ಐದು,
ಸ್ಕೇಲಿಟ್ಟು ಗೆರೆ ಎಳೆದು ಕೊಂಡೊಯ್ದೆ.

ಖುಶಾಲಿ ಗಾವಡೆ ಕಾಗದವನ್ನು ಬಹಳ ಹೊತ್ತು ಓದಿದ.
‘ಮೂರಕ್ಕೆ ಬಾ ಅಂತ ಹೊಳೆಗೆ ಯಾರು ಹೇಳೋದು ಬಾಯ್,
ನೀನೋ, ನಿನ್ನ ಟೀಚರೋ?’
ಇವತ್ತಿನ ಇಳಿತಕ್ಕಿಂತ ನಾಳೆಯದು
ಮುಕ್ಕಾಲು ಗಂಟೆ ತಡ, ಒಮ್ಮೊಮ್ಮೆ ಪೂರಾ ಗಂಟೆ.
ಮತ್ತಿಮರದ ಕದಗಳಿಗೆ ಚಿಲಕವಿಲ್ಲ,
ಉಬ್ಬರ ತಾನೇ ದೂಡಿ ಮುಚ್ಚುತ್ತದೆ, ಇಳಿತ ತೆರೆಯುತ್ತದೆ.
‘ಮತ್ತೆ ನಿಮ್ಮ ಕೆಲಸ?’
‘ಅದು ಮರೆತರೆ ಅಂತ ನಿಂತಿರೋದು.’

ಅಳಿಸಿ ಮತ್ತೆ ಬರೆದೆ. ಪಟ್ಟಿ ಓರೆಯಾಯಿತು,
ದಿನಕ್ಕೊಂದು ಮೆಟ್ಟಿಲು ಇಳಿಯುತ್ತ
ಎರಡನೆಯ ವಾರಕ್ಕೆ ನಡುರಾತ್ರಿ ಮುಟ್ಟಿತು.
ಅದನ್ನು ಕೇಳಿ ಅವ್ವ ಹಂಚು ಇಳಿಸಿದಳು.
‘ಒಬ್ಬಾಕಿ? ಹೊಳಿ ದಂಡಿಗೆ? ನಾನೂ ಬರ್ತೀನಿ.’

ಸುಮ್ಮನೆ ನೋಡಿಬರಲೆಂದು ಹೋದ ದಿನ
ನಾನು ಏರಿಯ ಉದ್ದವನ್ನು ಹೆಜ್ಜೆಯಲ್ಲಿ ಎಣಿಸಿ ಬರುವಷ್ಟರಲ್ಲಿ
ಅವ್ವ ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಳು,
ಏಡಿ ತೂತಿಗೆ ಮೆತ್ತಿದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡುತ್ತ.
‘ಹುಲ್ಲು ಕಡಿಮಿ ಆಗೇತಿ. ಬಿರೀತದ.’
ಖುಶಾಲಿಗೆ ಕನ್ನಡ ಬಾರದು.
ಆದರೂ ಹೋಗಿ ಒಂದು ಹಿಡಿ ಹುಲ್ಲು ತಂದ.

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ಅವ್ವನಿಗೆ ಎಷ್ಟು ಕ್ರೆಡಿಟ್ಟು?

‘ಮಾರ್ಗದರ್ಶಕರ ಹುದ್ದೆ’ ಎಂಬಲ್ಲಿ
‘ಏಡಿ ತೂತು ಮುಚ್ಚುವವ, ಬರಿ’ ಎಂದ. ಬರೆದೆ.
ಮೊಹರಿಲ್ಲ. ಕಾಗದ ಮರಳಿ ಕೊಡುವಾಗ
ಅವನ ಹೆಬ್ಬೆರಳಿನ ಕೆಸರು ಮೂಲೆಯಲ್ಲಿ ಉಳಿಯಿತು.
ಮೇಡಂ ಒಪ್ಪುತ್ತಾರೋ, ಹೊಸ ಫಾರ್ಮು ಕೊಡುತ್ತಾರೋ.

ಕೊನೆಯ ಚೌಕ ಇನ್ನೂ ಖಾಲಿ.
ಪೆನ್ಸಿಲಿನಲ್ಲಿ ಒಂದು ಪದ ಬರೆದು ಅಳಿಸಿದ್ದೇನೆ,
ಬೆಳಕಿಗೆ ಹಿಡಿದರೆ ಓದಬಹುದು.
ನಾಳೆಯ ಇಳಿತ ರಾತ್ರಿ ಹತ್ತು ಐವತ್ತಕ್ಕೆ.
ಟಾರ್ಚಿಗೆ ಸೆಲ್ಲು ತರಬೇಕು. ಅವ್ವನಿಗೆ ಗಮ್‌ಬೂಟು,
ಅಪ್ಪನದೇ ಇದೆ, ಕೊಂಚ ದೊಡ್ಡದು.