ಹ್ಯಾಲಿಫ್ಯಾಕ್ಸಿನಲ್ಲಿ, ಒಂದು ಪದಕ್ಕೆ

ಹೃದ್ರೋಗ ವಿಭಾಗ, ಮೂರನೇ ಕೋಣೆ.
ಗಂಟೆಗೆ ಇಪ್ಪತ್ತೆರಡು ಪೌಂಡು, ಬಸ್ ಚಾರ್ಜು ಬೇರೆ.
ದುಭಾಷಿ ನಾನು. ಕೆಲಸ ಇಷ್ಟೆ:
ಅತ್ತಣಿಂದ ಬಂದದ್ದನ್ನು ಇತ್ತ ದಾಟಿಸುವುದು,
ಚೆಲ್ಲದ ಹಾಗೆ.

ಡಾಕ್ಟರ್ ಹೆಬಲ್‌ಥ್ವೇಟ್ ಫಾರಂ ನೋಡುತ್ತ ಅಂದರು,
"ಥ್ರಾಬ್ ಆಗುತ್ತದೆಯೆ, ಕೇಳಿ ಆಕೆಯನ್ನು."
ಅಷ್ಟೆ. ಒಂದುಸಿರಿನ ಪದ.
ನನ್ನ ತುಟಿ ಕೂಡಿದವು, ಬಿಡಲಿಲ್ಲ.

ಮಿಡಿತ ಅನ್ನಲೆ?
ಅದು ತಂತಿಗೆ, ಕಂಬನಿಗೆ, ಪರರ ಕಷ್ಟಕ್ಕೆ;
ಕೊನೆಯ ಅಕ್ಷರ ಉದುರಿದರೆ ನೇರ ಉಪ್ಪಿನಕಾಯಿ ಭರಣಿಗೆ.
ಎಪ್ಪತ್ತೆಂಟರ ಎದೆಗೆ ಕೊಂಚ ಎಳಸು.
ತುಡಿತ? ಅದು ಎದುರಿಗಿಲ್ಲದ್ದಕ್ಕೆ ಮಾತ್ರ.
ಸ್ಪಂದನವನ್ನು ಸರ್ಕಾರಿ ಕಚೇರಿಗಳು ಎತ್ತಿಟ್ಟುಕೊಂಡಿವೆ,
ಬೋರ್ಡಿನ ಮೇಲೆ ಬರೆಸಿ ಬಾಗಿಲು ಹಾಕಿಕೊಂಡಿವೆ.
ನಾಡಿ ಪಂಡಿತರದ್ದು. ಲಯ ಸಂಗೀತದ ಮೇಷ್ಟರದ್ದು.
ಬಡಿತ ಸರಿಹೋಗುತ್ತಿತ್ತೇನೋ, ಆದರೆ
ಕದ ಬಡಿಯುವವರು, ಬಾಯಿ ಬಡಿದುಕೊಳ್ಳುವವರು,
ಹಾವಿಗೆಂದು ಬಡಿಗೆ ತಂದವರು
ಎಲ್ಲ ಒಟ್ಟಿಗೇ ಒಳಗೆ ನುಗ್ಗುತ್ತಾರೆ;
ಅವರ ಹಿಂದೆ ಸೌಟು ಹಿಡಿದು ಬಡಿಸುವವಳು.
ಏಟೂ ಊಟವೂ ಒಂದೇ ಬೇರಿನವೋ, ಬರಿಯ ನೆರೆಹೊರೆಯೋ,
ತುಮಕೂರಿನ ಯಾವ ಶಾಲೆಯಲ್ಲೂ ನಾನು ಕೇಳಲಿಲ್ಲ.

ಕೊನೆಗೆ ನಮ್ಮ ಕಡೆಯ ಮಾತಿನಲ್ಲೇ ಅಂದೆ,
"ಎದೆ ಹೊಡ್ಕೊಳ್ಳುತ್ತಾ ಅಮ್ಮ, ಡವಡವ ಅಂತ?"

ರಾಚವ್ವ ಗುಳೇದಗುಡ್ಡದವಳು.
ಕುಬಸದ ಖಣ ನೇಯುವ ಮನೆಯಲ್ಲಿ ಹುಟ್ಟಿ
ಇಲ್ಲಿ ರತ್ನಗಂಬಳಿ ಗಿರಣಿಯಲ್ಲಿ
ಹತ್ತೊಂಬತ್ತು ವರ್ಷ ರಾತ್ರಿ ಪಾಳಿ.
ಗಿರಣಿ ಮುಚ್ಚಿದ ದಿನ ಗಡಿಯಾರ ಕೊಟ್ಟರಂತೆ;
ಅದು ನಿಂತೂ ಬಹಳ ದಿನವಾಯಿತು.

"ಡವಡವ ಅಲ್ಲವ್ವಾ," ನನ್ನ ಪಾಠ ತಿದ್ದುವವಳ ಹಾಗೆ,
"ಡವಡವ ಅಂದ್ರ ಹೆದರಿಕಿ. ನಾ ಯಾಕ ಹೆದರ್ಲಿ?
ಲಾಳಿ ಹೋಗ್ತೈತಿ, ಲಟಕ್. ಬರ್ತೈತಿ, ಪಟಕ್.
ಹೋಗ್ತೈತಿ, ಲಟಕ್.

ಬರೂದ ಮರೀತೈತಿ.
ಆಮ್ಯಾಲ ನೆಪ್ಪಾಗಿ ಎರಡ ಸಲದ್ದು ಕೂಡಿ ಬರ್ತೈತಿ."

"ಸ್ಕಿಪ್," ಅಂದೆ ನಾನು ಡಾಕ್ಟರಿಗೆ.
ಹಗ್ಗದಾಟದ ಹುಡುಗಿಯರ ಪದ.
ಅವರು ಚೌಕದೊಳಗೆ ಗೀಟು ಹಾಕಿಕೊಂಡರು.

ಆಮೇಲೆ ಇಸಿಜಿ ಕಾಗದ ಉದ್ದಕ್ಕೆ ಇಳಿದು ಬಂತು,
ಗುಲಾಬಿ ಚೌಕುಳಿಯ ಮೇಲೆ ಸಾಲು ಸಾಲು ಮೊನೆ.
ರಾಚವ್ವ ಕನ್ನಡಕ ಹಣೆಗೇರಿಸಿ
ಸೆರಗಿನಂಚು ಸವರುವಂತೆ ಸವರುತ್ತ ಹೋಗಿ
ಒಂದು ಕಡೆ ಬೆರಳು ನಿಲ್ಲಿಸಿದಳು.
"ಇಲ್ಲಿ ಎಳಿ ಹರದೈತಿ ನೋಡ."
ಡಾಕ್ಟರು ಅವಳನ್ನು ನೋಡಿ, ಕಾಗದ ನೋಡಿ,
ಅದೇ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿದರು.
ನಾನಿನ್ನೂ ಅನುವಾದಿಸಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಕೇಳಿದೆ,
ಇಂಗ್ಲಿಷು ಬರುತ್ತದೆ ಅಲ್ಲವೆ ನಿಮಗೆ?
"ಕಿವಿಗೆ ಬರೂದಿಲ್ಲ. ಕಣ್ಣಿಗೆ ಬರ್ತೈತಿ.
ಆ ಮಗ್ಗದ ಸಪ್ಪಳದಾಗ ಮಾತು ಕೇಳ್ತಿತ್ತೇನ?
ತುಟಿ ನೋಡಕೋತ ಮಾತಾಡ್ತಿದ್ವಿ, ನಾನು, ಡೋರೀನು.
ಆ ಹುಡುಗ ಡಾಕ್ಟರ ಮದಲ ಏನೋ ಕೇಳಿದ್ನಲ್ಲ,
ಆ ಮಾತಿಗೆ ಕಡೀಕ ತುಟಿ ಮುಚ್ಚಿದಾ.
ನೀ ಮದಲಕ ಮುಚ್ಚಿದಿ. ಮುಚ್ಚಿ ತಗೀಲೇ ಇಲ್ಲ."

ಮತ್ತೆ ನನ್ನನ್ನು ಯಾಕೆ ಕರೆಸಿದಿರಿ?

"ಯಾರರ ಒಬ್ರ ಬೇಕಲ್ಲವ್ವಾ,
ಲಟಕ್ ಅಂದ್ರ ಲಟಕ್ ಅಂತ ಕೇಳಾಕ."

ಬಸ್ಸು ಬಂತು. ಹಿಂದಿನ ಸೀಟೊಂದೇ ಖಾಲಿ, ಇಂಜಿನ್ನಿನ ಮೇಲೆ.
ಇಬ್ಬರ ತೊಡೆ, ಅವಳ ಮಾತ್ರೆಯ ಚೀಲ,
ಕಿಟಕಿಯ ಗಾಜು, ಗಾಜಿನಲ್ಲಿ ಗಿರಣಿಯ ಚಿಮಣಿ,
ಎಲ್ಲ ಅದುರತೊಡಗಿದವು.

ಅದುರು.
ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.