ಐದನೆಯದು ಬೇಡ

ಮೊದಲು ವಾಸನೆ ಬಂತು, ಸುಟ್ಟ ಕೊಂಬಿನದ್ದು.
ಪಶುವೈದ್ಯೆ ನಾನು; ಎಷ್ಟೋ ಕರುಗಳ ಕೊಂಬು ಸುಟ್ಟ ಕೈಯಿದು,
ಹಾಗಾಗಿ ಕಾರಿನ ಮೇಲೆ ಅನುಮಾನವೇ ಬರಲಿಲ್ಲ.
ಆಮೇಲೆ ಏರಿನಲ್ಲಿ ಎಂಜಿನ್ನು ಕೂಗಿತು, ಕೂಗಿತು,
ಗಾಡಿ ಮಾತ್ರ ನಿಂತಲ್ಲೇ ನಿಂತು ಹಿಮ ನೋಡುತ್ತಿತ್ತು.
ಹಬ್ಬದೂಟದಲ್ಲಿ ಲೋಟ ಎತ್ತಿ ಭಾಷಣ ಮಾಡುವ
ನಮ್ಮ ರಾಚಾದ ಗಂಡಸರ ಹಾಗೆ:
ಆರ್ಭಟವೆಲ್ಲ ಮೇಜಿಗೆ, ಚಕ್ರಕ್ಕೆ ಏನೂ ಇಲ್ಲ.

ಉಳಿದ ದಾರಿ ಟಾರ್ಚು ಹಿಡಿದು ನಡೆದೆ.
ಕರು ಉಳಿಯಲಿಲ್ಲ. ಹಸು ಉಳಿಯಿತು. ನೀಶಾ ಅದರ ಹೆಸರು.
ಯಜಮಾನಿ ಏನೂ ಅನ್ನದೆ ಒಂದು ಗುಂಡು ಚೀಸು ಕಟ್ಟಿಕೊಟ್ಟಳು.
ಬೈದಿದ್ದರೆ ಚೆನ್ನಾಗಿತ್ತು.

ಗಾಡಿಯಡಿಯಿಂದ ವಾಲಿಕೋನ ಬೂಟುಗಳು ಹೇಳಿದವು:
"ಕ್ಲಚ್ ಪ್ಲೇಟು ಹಪ್ಪಳ. ಗೇರುಪೆಟ್ಟಿಗೆಯಲ್ಲಿ
ಎರಡನೆಯದರ ಹಲ್ಲುದುರಿ ಎಣ್ಣೆಯಲ್ಲಿ ಈಜುತ್ತಿವೆ.
ಎಂಬತ್ತನಾಲ್ಕರ ನೀವಾ ಇದು, ನಾಲ್ಕು ಗೇರಿನದ್ದೇ ಬೇಕು.
ಐದರದ್ದು ಕೊಡ್ತೀನಿ ಅಂದರೆ ನಕ್ಕು ಮುಂದೆ ಹೋಗು."

ಟಿಬಿಲಿಸಿ. ಎಲಿಯಾವಾ ಸಂತೆ.
ಬಂಪರುಗಳದ್ದೊಂದು ಓಣಿ, ಬಾಗಿಲುಗಳದ್ದೊಂದು,
ಕನ್ನಡಿಗಳ ಓಣಿಯಲ್ಲಿ ನನ್ನ ಮುಖ ನಲವತ್ತು ಸಲ ದಣಿಯಿತು.
"ಜಿಗುಲಿಯದು ಇದೆಯಮ್ಮ. ವೋಲ್ಗಾದ್ದಿದೆ. ನೀವಾದ್ದು ಶನಿವಾರ."
"ನಿನ್ನೆ ಬರಬೇಕಿತ್ತು."
"ಗಂಡ ಬರಲಿಲ್ಲವಾ?"
ಅವನು ರಿವರ್ಸಿನಲ್ಲೇ ಹೋದ, ಅಂದೆ.
ಆ ಅಂಗಡಿಯವ ಚಹಾ ಕೊಟ್ಟ. ಹೆಸರು ಅಂಜೋರ್.

ಪ್ಲೇಟು ಮೂರಿಟ್ಟ. ಒಂದು ಹೊಳೆಯುವ ಡಬ್ಬಿಯದು,
ಒಂದಕ್ಕೆ ಡಬ್ಬಿಯೇ ಇಲ್ಲ,
ಒಂದು ಮೇಣದ ಕಾಗದದೊಳಗೆ ನನ್ನಷ್ಟೇ ಹಳೆಯದು,
ಯಾರೂ ತೊಡದ ಮದುವೆ ಬಟ್ಟೆಯ ಹಾಗೆ ಮಡಿಕೆ ಮುರಿಯದ್ದು.
ಉಗುರಲ್ಲಿ ಅದರ ರಿವೆಟ್ಟು ತಟ್ಟಿದೆ. ಮಾತಾಡಿತು. ತೆಗೆದಿಟ್ಟೆ.

"ಪೆಟ್ಟಿಗೆ ಐದರದ್ದೇ ಒಯ್ಯಿ, ಹೆದ್ದಾರಿಯಲ್ಲಿ ಸುಖ."
ನಮ್ಮ ಕಣಿವೆಗೆ ಒಂದು ಬೇಕು, ಎರಡು ಬೇಕು,
ಮೂರು, ಸೇತುವೆ ಆಚೆಯ ಬಯಲಿಗೆ.
ನಾಲ್ಕನೆಯದು ಯಾರದಾದರೂ ಮದುವೆಗೆ.
ಐದನೆಯದನ್ನು ಎಲ್ಲಿ ಹಾಕಲಿ, ಅಟ್ಟದ ಮೇಲೆ?

ನಗುತ್ತಲೇ ಹಿಂದಿನಿಂದೊಂದು ಉರುಳಿಸಿ ತಂದ,
ಮೈಯೆಲ್ಲ ಜಿಡ್ಡು, ಮಣ್ಣು.
ತೋಳು ಮಡಚಿ ಅದರ ಗಂಟೆಬಾಯೊಳಗೆ ಕೈ ಹಾಕಿದೆ, ಕಣ್ಣು ಮುಚ್ಚಿ.
ಕಣ್ಣು ಅಡ್ಡ ಬರುತ್ತದೆ ಇಂಥ ಕೆಲಸಕ್ಕೆ.
ಶಾಫ್ಟು ತಿರುವಿದೆ: ಬೇರಿಂಗು ಗೊಣಗಲಿಲ್ಲ.
ಇನ್ನೊಂದು ಕೈಯಲ್ಲಿ ಗೇರು ದೂಡಿದೆ.
ಒಂದು ಬಿತ್ತು. ಎರಡು
ತುಸು ತಡೆಯಿತು,
ಯಾರೆಂದು ಕೇಳಿ ಬಾಗಿಲು ತೆರೆವವರ ಹಾಗೆ,
ಬಿತ್ತು.
"ನೀನು ಹಸು ನೋಡುವವಳೋ?" ಅಂದ ಅಂಜೋರ್.

ಚಿಂದಿಯಲ್ಲಿ ಒರೆಸಿದಾಗ ಒಳಗೋಡೆಯ ಮೇಲೆ
ಮೊಳೆಯಲ್ಲಿ ಗೀರಿದ ಅಕ್ಷರ ಬೆಳಕಿಗೆ ಬಂತು:
*ಎರಡನೆಯದಕ್ಕೆ ಅವಸರ ಬೇಡ.*
ಹೆಸರಿಲ್ಲ, ಇಸವಿಯಿಲ್ಲ.
ಮತ್ತೊಬ್ಬ ಮೆಕ್ಯಾನಿಕ್ ಬಿಚ್ಚಿದ ದಿನ ಮಾತ್ರ ಕಾಣುವ ಜಾಗ.
"ಯಾವ ಗಾಡಿಯದು?"
"ಬಿದ್ದ ಗಾಡಿಯದು," ಅಂದ,
ಬೇಡದಿದ್ದರೂ ಇನ್ನೊಂದು ಚಮಚ ಸಕ್ಕರೆ ಕಲಕಿದ.
ಎಲ್ಲಿ ಬಿತ್ತೆಂದು ನಾನು ಕೇಳಲಿಲ್ಲ.

ಆರುನೂರು ಲಾರಿ ಹೇಳಿದ. ನಾನೂರೈವತ್ತು ಎಣಿಸಿ
ಮೇಲೆ ನೀಶಾಳ ಮನೆಯ ಚೀಸು ಇಟ್ಟೆ. ಮೂಸಿ ನೋಡಿ ಒಪ್ಪಿದ.
ವಾಪಸು ವ್ಯಾನಿನಲ್ಲಿ ಗೋಣಿಯೊಳಗೆ ಅದು, ಕಿಟಕಿ ಪಕ್ಕ;
ಡ್ರೈವರು ಅದಕ್ಕೂ ಟಿಕೆಟ್ ಹರಿದ.
ತಿರುವುಗಳಲ್ಲಿ ನನ್ನ ಭುಜಕ್ಕೆ ಒರಗುತ್ತಿತ್ತು.
ಒಂದೇ ಬ್ಲೌಸು ಹಾಳಾದದ್ದು.

ವಾಲಿಕೋಗೆ ಎರಡು ದಿನ ಹಿಡಿಯಿತು, ಮೂರು ಬೋಲ್ಟು ಉಳಿದವು.
ಯಾವುದಕ್ಕೆಂದು ಅವನೂ ಹೇಳಲಿಲ್ಲ.
ಈಗ ಚರ್ಚಿನ ಏರಿನಲ್ಲಿ ಎಡಗಾಲು ಒತ್ತಿ, ಒಂದು ಉಸಿರು ಕಾದು,
ಎರಡಕ್ಕೆ ತರುತ್ತೇನೆ.
ಯಾರೋ ಹೇಳಿದ ಹಾಗೆ.

ನೀಶಾ ಮತ್ತೆ ಗಬ್ಬ. ಮಾರ್ಚಿಗೆ, ಹಿಮ ಕರಗುವ ಮೊದಲೇ.
ಯಜಮಾನಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು:
"ಗಾಡಿ ಏರುತ್ತದಾ?"
ಕೂಗುವುದು ಕಮ್ಮಿಯಾಗಿದೆ, ಅಂದೆ.