ಗ್ರಾಸಿಯಾಸ್ ಎಂದರೆ ಸಾಕು

ಮೊಂತೆವಿದೆಯೊ ಊರಿನವರ ಎಡಗಂಕುಳಲ್ಲಿ
ಸದಾ ಒಂದು ಥರ್ಮಾಸು.
ಮಗುವನ್ನೆತ್ತಿಕೊಂಡವರೂ ಅದನ್ನು ಬಿಡುವುದಿಲ್ಲ.
ಬಿಸಿನೀರು, ಸೋರೆಬುರುಡೆ, ಬುರುಡೆಯೊಳಗೆ
ಕಹಿಹಸಿರು ಸೊಪ್ಪಿನ ಪುಡಿ, ಹೀರಲೊಂದು ಲೋಹದ ಕೊಳವೆ.
ಮಾತೆ ಅದರ ಹೆಸರು.
ನಮ್ಮ ಕಿವಿಗದು ಮಾತೇ ಎಂದು ಕೇಳಿಸಿದರೆ ಅಡ್ಡಿಯಿಲ್ಲ,
ಅಲ್ಲೂ ಅದು ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತದೆ.

ಒಬ್ಬರು ಎರೆಯಬೇಕು, ಎಲ್ಲರೂ ಹೀರಬೇಕು,
ಕೊಳವೆ ಒಂದೇ. ಎಂಜಲಿಗೆ ಅಲ್ಲಿ ಮೈಲಿಗೆಯಿಲ್ಲ.
ಇನ್ನು ಸಾಕೆನಿಸಿದಾಗ ಬುರುಡೆ ಹಿಂತಿರುಗಿಸುತ್ತ
ಗ್ರಾಸಿಯಾಸ್ ಅನ್ನಬೇಕು, ಉಪಕಾರವಾಯಿತು ಎಂದು.
ಅಂದಿರೋ, ಮುಗಿಯಿತು. ಮತ್ತೆ ನಿಮ್ಮ ಸರದಿ ಬರುವುದಿಲ್ಲ.
ಇಷ್ಟು ತಿಳಿದಿದ್ದರೆ ಮುಂದಿನ ಕತೆ ಸಲೀಸು.

ಮಿರ್ತಾ ಕನ್ನಡಕದಂಗಡಿಯವಳು.
ರಮೀರೊ ಸಿಟಿ ಬಸ್ಸಿನ ಚಾಲಕ.
ಆರನೇ ಕ್ಲಾಸಿನ ಗೆಳೆತನ, ಅವಳ ಲೆಕ್ಕದ ತಪ್ಪನ್ನು
ಅವನು ಅಚ್ಚುಕಟ್ಟಾಗಿ ನಕಲು ಹೊಡೆದು ಇಬ್ಬರೂ ಸಿಕ್ಕಿಬಿದ್ದ ದಿನದ್ದು.
ಭಾನುವಾರ ಸಂಜೆ ದಂಡೆಯ ಕಟ್ಟೆಯ ಮೇಲೆ ಇವರು,
ನಡುವೆ ಥರ್ಮಾಸು, ಎದುರಿಗೆ ಮಣ್ಣುಬಣ್ಣದ ನೀರು.
ಹೊಳೆ ಅನ್ನುತ್ತದೆ ನಕಾಶೆ. ಕಡಲು ಅನ್ನುತ್ತದೆ ಊರು.
ಆಚೆ ದಡ ಕಾಣುವುದಿಲ್ಲ. ಉಪ್ಪೋ ಸಿಹಿಯೋ
ಆವತ್ತಿನ ಗಾಳಿಯನ್ನು ಕೇಳಿ ಹೇಳಬೇಕು.

ಅವನ ಮದುವೆಗೆ ಸಾಕ್ಷಿ ಸಹಿ ಹಾಕಿದವಳು ಅವಳೇ.
ಮದುವೆ ಮುರಿದಾಗ ಮೂರನೇ ಮಹಡಿಯಿಂದ
ಫ್ರಿಜ್ಜಿನ ಇನ್ನೊಂದು ತುದಿ ಹಿಡಿದಿಳಿಸಿದವಳೂ ಅವಳೇ,
ಎಡಗಾಲಿನ ಕಿರುಬೆರಳ ಉಗುರು ಆ ಲೆಕ್ಕಕ್ಕೆ ಹೋಯಿತು.
ಸಾಲ್ತೋದ ಇಂಜಿನಿಯರು ಅವಳಿಗೆ ಕೈಕೊಟ್ಟ ವಾರ
ರಮೀರೊ ಕಡೆಯ ಟ್ರಿಪ್ಪಿನಲ್ಲಿ
ಅವಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಊರು ಸುತ್ತಿಸಿದ,
ಅಳಲಿ ಎಂದು ಒಳಗಿನ ದೀಪ ಆರಿಸಿ.
ಕೇಳಿದವರಿಗೆ ಬಲ್ಬು ಹೋಗಿದೆ ಎಂದ.
ಇದನ್ನೆಲ್ಲ ಇಬ್ಬರೂ ಗೆಳೆತನದ ಖಾತೆಗೇ ಬರೆದುಕೊಂಡಿದ್ದರು.

ಆಗಸ್ಟಿನ ಚಳಿ. ಟೋಪಿಗೇ ಕೈ ಹಾಕುವ ತೆಂಕಣ ಗಾಳಿ.
'ರಿವೇರಾದಲ್ಲಿ ತಂಗಿಯ ಅಂಗಡಿ ಇದೆಯಲ್ಲ,
ಬಂದುಬಿಡು ಅಂತಿದ್ದಾಳೆ. ಹೋಗಿಬಿಡೋಣ ಅಂತ,'
ಎಂದಳು ಮಿರ್ತಾ, ಸಕ್ಕರೆ ಮುಗಿದಿದೆ ಅನ್ನುವ ದನಿಯಲ್ಲಿ.
ರಮೀರೊ ಕೊಳವೆ ಕಚ್ಚಿಕೊಂಡೇ ಇದ್ದ.
ಬುರುಡೆ ಬರಿದಾಗಿ ಗೊರಗೊರ ಅಂದರೂ ಹೀರಿದ.
ಆಮೇಲೆ ಅದನ್ನವಳ ಕೈಗಿಟ್ಟು ಅಂದ:
'ಗ್ರಾಸಿಯಾಸ್.'

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ.
ಈವರೆಗೆ ನೀರು ಮುಗಿಯುತ್ತಿತ್ತೇ ಹೊರತು ಅವನು ಮುಗಿಸಿದ್ದಿಲ್ಲ.
ಮಿರ್ತಾ ಥರ್ಮಾಸಿನ ಮುಚ್ಚಳ ತಿರುಗಿಸಿದಳು,
ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು.
ಯಾರದೋ ನಾಯಿ ಬಂದು ಇಬ್ಬರನ್ನೂ ಮೂಸಿ ಹೋಯಿತು.

'ಅದಲ್ಲ,' ಎಂದ.
'ಯಾವುದಲ್ಲ?'
'ಇದಕ್ಕಲ್ಲ ಅಂದದ್ದು.'
'ಮತ್ಯಾವುದಕ್ಕೆ?'
'ಫ್ರಿಜ್ಜಿಗೆ. ನಿನ್ನ ಉಗುರಿಗೆ.
ಯಾವತ್ತೂ ಹೇಳಿರಲಿಲ್ಲ.
ಹೇಳಿದರೆ ಸಾಕು ಅಂದ ಹಾಗಾಗುತ್ತೆ ಅಂತ.
ಸಾಕಾಗಿಲ್ಲ ಮಿರ್ತಾ. ಎರೆ.'

ಊರಗಲದ ಬಸ್ಸನ್ನು ಒಂದು ಕೈಯಲ್ಲಿ ತಿರುಗಿಸುವವನ
ಬೆರಳು ನಡುಗುತ್ತಿತ್ತು, ಚಳಿಗೆ ಎಂದುಕೊಂಡರೆ ಚಳಿಗೆ.
ಬಿಗಿದ ಮುಚ್ಚಳ ಬಿಚ್ಚಲು ಇಬ್ಬರ ಕೈಯೂ ಬೇಕಾಯಿತು.
ನೀರು ಆರಿತ್ತು. ಸೊಪ್ಪಿನ ಸತ್ವ ಆಗಲೇ ಇಳಿದುಹೋಗಿತ್ತು.
'ಹೇಗಿದೆ?'
'ಸಪ್ಪೆ,' ಎಂದ ಸತ್ಯವಂತ,
ಮತ್ತು ಪೂರ್ತಿ ಕುಡಿದ.

ಆ ಊರಲ್ಲಿ ಕೆನ್ನೆಗೊಂದು ಮುತ್ತು ನಮಸ್ಕಾರದ ಲೆಕ್ಕ,
ಹಾಲಿನಂಗಡಿಯವನಿಗೂ ಸಲ್ಲುತ್ತದೆ.
ಅವಳು ಕೆನ್ನೆಯ ಕಡೆಗೇ ಹೊರಟಿದ್ದಳಂತೆ,
ಅವನೇ ಮುಖ ತಿರುಗಿಸಿದನಂತೆ. ತಪ್ಪು ಯಾರದೆಂದು
ಇವತ್ತಿಗೂ ಜಗಳವಿದೆ. ಕನ್ನಡಕಕ್ಕೆ ಕನ್ನಡಕ ತಗುಲಿ
ಟಕ್ ಎಂದಿತು. ಕಸುಬಿನವಳಲ್ಲವೆ,
ಮೊದಲು ಅವನ ಫ್ರೇಮು ನೆಟ್ಟಗೆ ಮಾಡಿದಳು.
ಆಮೇಲೆ ಎರಡನ್ನೂ ತೆಗೆದು ಥರ್ಮಾಸಿನ ಪಕ್ಕಕ್ಕಿಟ್ಟಳು.

ಮಬ್ಬಾಯಿತು ಹೊಳೆ, ಅಥವಾ ಕಡಲು.
ರುಚಿ ಹೊಸದೇನಲ್ಲ, ಅದೇ ಕಹಿಹಸಿರು,
ಮೂವತ್ತೆಂಟು ವರ್ಷದ ಗುರುತಿನದು.
ನಡುವೆ ಆ ಲೋಹದ ಕೊಳವೆ ಇರಲಿಲ್ಲ, ಅಷ್ಟೆ.